ಜಾಮೀನು ಹಾಕಿದವನು ಮಾಲೀಕನಲ್ಲ

(ತ್ಯಾಗರಾಜನಗರದಲ್ಲಿ ನಡೆದ ಕನ್ನಡ ಯುವಕ ಯುವತಿಯರ ತಿಂಗಳ ಸಭೆಯಲ್ಲಿ ಬಡಾವಣೆಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಬೇರೆಯವರ ಭಾಷಣಗಳನ್ನು ಅಚ್ಚು ಹಾಕಿ ಹಾಕಿ ಒಂದು ವಿಷಯ ಮಾತ್ರ ಕಲಿತಿದ್ದೇನೆ: ನಾಲ್ಕು ಪುಟಕ್ಕೆ ಮೀರಿದ ಮಾತನ್ನು ಯಾರೂ ಓದುವುದಿಲ್ಲ. ಅಷ್ಟರಲ್ಲೇ ಮುಗಿಸುತ್ತೇನೆ.

ನನ್ನ ಪ್ರೆಸ್ಸಿಗೆ ಅನ್ನ ಹಾಕುವುದು ಲಗ್ನಪತ್ರಿಕೆ. ಅಪ್ಪನ ಕಾಲದಲ್ಲಿ ಮೊಳೆ ಜೋಡಿಸಿ ಟ್ರೆಡಲ್ ಮೆಷಿನ್ನಿನಲ್ಲಿ ಹೊಡೆಯುತ್ತಿದ್ದರು. ಆಗ ಗಂಡಿನ ಊರು ಹಾಸನ, ಹೆಣ್ಣಿನ ಊರು ತುಮಕೂರು. ದೂರದ ಸಂಬಂಧ ಎಂದರೆ ಹುಬ್ಬಳ್ಳಿ. ಈಗ ಪತ್ರಿಕೆಯಲ್ಲಿ ಮ್ಯೂನಿಕ್ ಬರುತ್ತದೆ, ಟೊರಾಂಟೊ ಬರುತ್ತದೆ. ಕೆಲವೊಮ್ಮೆ ಹೆಣ್ಣಿನ ಹೆಸರೇ ಬೇರೆ ದೇಶದ್ದು. ಅಂಥ ಪತ್ರಿಕೆ ಬಂದಾಗ ನಮ್ಮ ಜನ ಎರಡು ಪ್ರಶ್ನೆ ಕೇಳುತ್ತಾರೆ. ‘ಸೀರೆ ಉಡ್ತಾಳಾ?’ ‘ಸಾರು ಅನ್ನ ತಿಂತಾಳಾ?’ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಅವಳು ಯಾರ ಸಹಿಯ ಮೇಲೆ ಈ ದೇಶದಲ್ಲಿ ಇರುತ್ತಾಳೆ? ಇವತ್ತಿನ ನನ್ನ ಮಾತು ಈ ಮೂರನೆಯ ಪ್ರಶ್ನೆಯ ಮೇಲೆ.

ಊರಿನವರ ಕಥೆ ಹೇಳುವ ಬದಲು ನನ್ನ ಮನೆಯದನ್ನೇ ಹೇಳುತ್ತೇನೆ. ಅದರಲ್ಲಿ ತಪ್ಪು ಮಾಡಿದವನು ನಾನು.

ಕಫೀಲನ ಕೈಯಲ್ಲಿ ಹದಿಮೂರು ವರ್ಷ

ನನ್ನ ತಮ್ಮ 2006ರಲ್ಲಿ ಶಾರ್ಜಾಕ್ಕೆ ಹೋದ. ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಆಫ್‌ಸೆಟ್ ಮೆಷಿನ್ ಆಪರೇಟರ್. ಇಲ್ಲಿ ನಾವಿಬ್ಬರೂ ಒಂದೇ ಮೆಷಿನ್ನಿನ ಎರಡು ಬದಿ ನಿಂತು ಬೆಳೆದವರು. ಒಂದು ಪ್ರೆಸ್ಸಿನಲ್ಲಿ ಎರಡು ಸಂಸಾರ ನಡೆಯುವುದಿಲ್ಲ ಎಂದು ಅವನು ಹೊರಟ.

ಕೊಲ್ಲಿಯಲ್ಲಿ ಕೆಲಸ ಮಾಡಿ ಬಂದವರ ಮನೆಗಳಲ್ಲಿ ‘ಕಫೀಲ್’ ಎಂಬ ಮಾತು ಗೊತ್ತಿರುತ್ತದೆ. ಅರಬ್ಬಿಯಲ್ಲಿ ಅದರ ಅರ್ಥ ಜಾಮೀನುದಾರ. ನಿಮ್ಮನ್ನು ಆ ದೇಶಕ್ಕೆ ಕರೆಸಿಕೊಂಡವನು, ನಿಮ್ಮ ವೀಸಾ ಯಾರ ಹೆಸರಿನ ಮೇಲೆ ನಿಂತಿದೆಯೋ ಅವನು. ಜಾಮೀನು ಎಂದರೆ ಒಬ್ಬರ ಹೊಣೆ ಹೊರುವುದು ತಾನೇ? ಆದರೆ ಹೊಣೆ ಹೊತ್ತವನು ಬಹು ಬೇಗ ಯಜಮಾನನಾಗಿಬಿಡುತ್ತಾನೆ. ನನ್ನ ತಮ್ಮನ ಪಾಸ್‌ಪೋರ್ಟನ್ನು ಮೊದಲ ದಿನವೇ ತೆಗೆದು ಕಂಪನಿಯ ಕಪಾಟಿನಲ್ಲಿ ಇಟ್ಟುಕೊಂಡರು. ಹಾಗೆ ಇಟ್ಟುಕೊಳ್ಳಕೂಡದು ಎಂದು ಆ ದೇಶದ ನಿಯಮವೇ ಹೇಳುತ್ತದೆ. ಆದರೂ ಇಟ್ಟುಕೊಂಡರು. ‘ಸೇಫ್ ಆಗಿರುತ್ತೆ’ ಅಂದರಂತೆ. 2011ರಲ್ಲಿ ಅಪ್ಪ ತೀರಿಕೊಂಡಾಗ ಆ ಕಪಾಟಿನ ಕೀಲಿ ಇದ್ದವನು ರಜೆಯ ಮೇಲಿದ್ದ. ನನ್ನ ತಮ್ಮ ಬಂದು ಮುಟ್ಟುವ ಹೊತ್ತಿಗೆ ಬನಶಂಕರಿ ಚಿತಾಗಾರದಲ್ಲಿ ಎಲ್ಲ ಮುಗಿದಿತ್ತು. ಅವನು ಅವತ್ತು ಅತ್ತದ್ದು ಅಪ್ಪನಿಗಾಗಿಯೋ ಪಾಸ್‌ಪೋರ್ಟಿಗಾಗಿಯೋ ನನಗೆ ಇಂದಿಗೂ ಗೊತ್ತಿಲ್ಲ. ಆ ಕಪಾಟನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತದೆ.

ಅದೇ ಪ್ರೆಸ್ಸಿನ ಲೆಕ್ಕಪತ್ರ ವಿಭಾಗದಲ್ಲಿ ಫಿಲಿಪ್ಪೀನ್ಸ್‌ನ ಹುಡುಗಿ ಒಬ್ಬಳಿದ್ದಳು. ಇಲೊಯಿಲೊ ಎಂಬ ಊರಿನವಳು. ಅವಳೂ ಸಂಬಳದ ಮುಕ್ಕಾಲು ಪಾಲನ್ನು ಊರಿಗೆ ಕಳಿಸುತ್ತಿದ್ದವಳು. 2016ರಲ್ಲಿ ಅವಳ ಊರಿಗೇ ಹೋಗಿ ಇಬ್ಬರೂ ಮದುವೆಯಾದರು. ಅಲ್ಲಿ ಹೊರದೇಶದವನು ಮದುವೆಯಾಗಬೇಕಾದರೆ ‘ಈತನಿಗೆ ಮದುವೆಗೆ ಕಾನೂನಿನ ಅಡ್ಡಿಯಿಲ್ಲ’ ಎಂದು ಅವನ ದೇಶದ ರಾಯಭಾರ ಕಚೇರಿ ಪತ್ರ ಕೊಡಬೇಕು. ಮನಿಲಾದ ನಮ್ಮ ರಾಯಭಾರ ಕಚೇರಿಯಿಂದ ಆ ಪತ್ರ ತಂದ. ಮದುವೆಯಾಯಿತು. ಅಲ್ಲಿನ ವಿದೇಶಾಂಗ ಇಲಾಖೆ ಮದುವೆ ಪತ್ರಕ್ಕೆ ಕೆಂಪು ರಿಬ್ಬನ್ ಕಟ್ಟಿ ಕೊಟ್ಟಿತು. ಆ ಕಾಲದಲ್ಲಿ ಅಲ್ಲಿ ಪತ್ರ ದೃಢೀಕರಿಸುವ ರೀತಿ ಅದು. ರಿಬ್ಬನ್ ಕಟ್ಟಿದ ಪತ್ರವನ್ನು ಮತ್ತೆ ನಮ್ಮ ರಾಯಭಾರ ಕಚೇರಿಗೆ ಒಯ್ದು ಮೊಹರು ಹಾಕಿಸಬೇಕಿತ್ತು. ರಜೆ ಮುಗಿದಿತ್ತು. ನನ್ನ ತಮ್ಮ ಹೋಗಲಿಲ್ಲ. ಒಂದು ಮೊಹರು ತಾನೇ ಅಂದುಕೊಂಡ. ಆ ಒಂದು ಮೊಹರು ಮುಂದೆ ನಮಗೆ ತಿಂಗಳುಗಟ್ಟಲೆ ನೀರು ಕುಡಿಸಿತು.

ಇನ್ನೊಂದು ಸಂಗತಿ ಹೇಳುತ್ತೇನೆ, ಕೇಳಿ ನನಗೆ ನಾಚಿಕೆಯಾಯಿತು. ಹೊರದೇಶದವನನ್ನು ಮದುವೆಯಾಗಿ ದೇಶ ಬಿಟ್ಟು ಹೊರಡುವ ತನ್ನ ಮಗಳನ್ನು ಆ ಸರ್ಕಾರ ಸುಮ್ಮನೆ ಕಳಿಸುವುದಿಲ್ಲ. ಹೊರನಾಡಿನ ಫಿಲಿಪಿನೋಗಳಿಗೆಂದೇ ಅವರದೊಂದು ಆಯೋಗವಿದೆ. ಅಲ್ಲಿ ಕೂರಿಸಿ ಹೋಗುವ ದೇಶದ ರೀತಿನೀತಿ, ನಿನ್ನ ಹಕ್ಕುಗಳು, ಕಷ್ಟ ಬಂದರೆ ಯಾರನ್ನು ಕೇಳಬೇಕು ಎಲ್ಲವನ್ನೂ ತಿಳಿಸಿ ಪ್ರಮಾಣಪತ್ರ ಕೊಡುತ್ತಾರೆ. ಹೆಣ್ಣುಮಕ್ಕಳನ್ನು ಪತ್ರ ಮುಖೇನ ವಿದೇಶಿ ಗಂಡಸರಿಗೆ ಹೊಂದಿಸಿ ಕಳಿಸುವ ದಂಧೆಯನ್ನು 1990ರಲ್ಲೇ ಕಾನೂನು ಮಾಡಿ ನಿಷೇಧಿಸಿದ ದೇಶ ಅದು. ನಾವು? ಹುಡುಗ ‘ಯು.ಎಸ್. ಸೆಟಲ್ಡ್’ ಅಂದರೆ ಸಾಕು, ಛತ್ರ ಬುಕ್ ಮಾಡುತ್ತೇವೆ.

ನನ್ನ ಬೀರು

2019ರ ಜೂನಿನಲ್ಲಿ ಇಬ್ಬರೂ ಬೆಂಗಳೂರಿಗೆ ಬಂದರು. ಹದಿಮೂರು ವರ್ಷ ಸಾಕಾಗಿತ್ತು. ಅವಳು ಬಂದದ್ದು ಎಂಟ್ರಿ ವೀಸಾ ಮೇಲೆ. ಜನ ಅದನ್ನು ಎಕ್ಸ್ ವೀಸಾ ಅನ್ನುತ್ತಾರೆ. ಭಾರತೀಯನ ಹೆಂಡತಿಯೋ ಗಂಡನೋ ಆದವರಿಗೆ ಕೊಡುವುದು. ನೂರ ಎಂಬತ್ತು ದಿನಕ್ಕಿಂತ ಹೆಚ್ಚಿನ ವೀಸಾ ಆದ್ದರಿಂದ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕಿತ್ತು. ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದ ಮೇಲಿದೆ ಆ ಕಚೇರಿ. 2018ರಿಂದ ಅರ್ಜಿಯನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ಹಾಕುವ ಏರ್ಪಾಡಾಗಿತ್ತು. ಅಷ್ಟಾದರೂ ಒಬ್ಬ ಏಜೆಂಟ್ ಮಹಾಶಯ ನಮ್ಮಿಂದ ಹದಿನೆಂಟು ಸಾವಿರ ಕಿತ್ತುಕೊಂಡ. ನಾವೇ ಮಾಡಬಹುದಾಗಿದ್ದ ಕೆಲಸ. ನಮ್ಮ ಅಜ್ಞಾನಕ್ಕೆ ಕೊಟ್ಟ ದಂಡ ಅಂದುಕೊಳ್ಳಿ.

ವೀಸಾವನ್ನು ವರ್ಷ ವರ್ಷ ಮುಂದುವರಿಸಬೇಕಿತ್ತು. ಪ್ರತಿ ಸಲವೂ ಗಂಡನ ಪತ್ರ, ಗಂಡನ ಸಹಿ, ಗಂಡನ ಗುರುತಿನ ಚೀಟಿ, ಮನೆಯ ವಿಳಾಸದ ದಾಖಲೆ. ಮನೆ ನನ್ನ ಹೆಸರಿನಲ್ಲಿ. ಕರೆಂಟ್ ಬಿಲ್ಲೂ ನನ್ನ ಹೆಸರಿನಲ್ಲಿ. ಹಾಗಾಗಿ ನನ್ನ ಸಹಿಯೂ ಬೇಕು. ಆ ವೀಸಾ ಮೇಲೆ ಅವಳು ಕೆಲಸಕ್ಕೆ ಸೇರುವಂತಿಲ್ಲ, ಅದಕ್ಕೆ ಬೇರೆ ಅನುಮತಿ ಬೇಕು. ಶಾರ್ಜಾದಲ್ಲಿ ಇಡೀ ಕಂಪನಿಯ ಲೆಕ್ಕ ಬರೆಯುತ್ತಿದ್ದವಳು ಇಲ್ಲಿ ಮನೆಯಲ್ಲಿ ಕೂತು ನಮ್ಮಮ್ಮನ ಜೊತೆ ಅವರೆಕಾಯಿ ಸುಲಿದಳು.

ಈಗ ನನ್ನ ತಪ್ಪಿನ ಮಾತು. ಅವಳು ಬಂದ ವಾರದಲ್ಲೇ ನಾನು ಅವಳ ಪಾಸ್‌ಪೋರ್ಟ್ ತೆಗೆದು ಪ್ರೆಸ್ಸಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ. ಯಾರೂ ಹೇಳಿರಲಿಲ್ಲ. ಮನೆಯ ಹಿರಿಯ ಮಗ, ಜವಾಬ್ದಾರಿ ನನ್ನದು ಅನ್ನುವ ಭಾವ. ನಾನೂ ಅದೇ ಮಾತು ಹೇಳಿದೆ: ‘ಸೇಫ್ ಆಗಿರುತ್ತೆ.’ ನನ್ನ ತಮ್ಮ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಅಣ್ಣನಿಗೆ ಎದುರಾಡುವುದು ನಮ್ಮ ಮನೆಯಲ್ಲಿ ಪದ್ಧತಿಯಲ್ಲ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಸಂಶಯ ಇತ್ತು. ಪರದೇಶದ ಹೆಣ್ಣು, ನಾಳೆ ಮನಸ್ತಾಪ ಬಂದು ಎದ್ದು ಹೋದರೆ? ಕೀಲಿ ನನ್ನ ಹತ್ತಿರ ಇರಲಿ. ನನ್ನ ತಮ್ಮನ ಕಫೀಲನೂ ಇದನ್ನೇ ಯೋಚಿಸಿದ್ದಿರಬೇಕು.

2022ರ ಆಗಸ್ಟ್. ನಾನು ಕ್ಯಾಲೆಂಡರ್ ಕೆಲಸಕ್ಕೆ ಶಿವಕಾಶಿಗೆ ಹೋಗಿದ್ದೆ. ಮಳೆಯಲ್ಲಿ ಕನಕಪುರ ರಸ್ತೆಯಲ್ಲಿ ನನ್ನ ತಮ್ಮನ ಬೈಕು ಜಾರಿ ತೊಡೆಯ ಮೂಳೆ ಮುರಿಯಿತು, ತಲೆಗೂ ಪೆಟ್ಟು. ಎರಡು ದಿನ ಅವನಿಗೆ ಪ್ರಜ್ಞೆ ಸರಿಯಾಗಿರಲಿಲ್ಲ. ಅವಳ ವೀಸಾ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಅರ್ಜಿಗೆ ಗಂಡನ ಸಹಿ ಬೇಕು, ಗಂಡ ಐಸಿಯುನಲ್ಲಿ. ಪಾಸ್‌ಪೋರ್ಟಿನ ಪುಟಗಳನ್ನು ಸ್ಕ್ಯಾನ್ ಮಾಡಬೇಕು, ಪಾಸ್‌ಪೋರ್ಟ್ ಬೀರುವಿನಲ್ಲಿ. ಬೀರುವಿನ ಕೀಲಿ ನನ್ನ ಸೊಂಟದಲ್ಲಿ, ನಾನು ಶಿವಕಾಶಿಯಲ್ಲಿ. ಮಗು ಬೇರೆ ಎರಡು ವರ್ಷದ್ದು.

ಅವಳು ಫೋನ್ ಮಾಡಿದಳು. ‘ಬೀಗ ಒಡೆಸು’ ಅಂದೆ. ಅವಳು ಕನ್ನಡದಲ್ಲಿ, ತಡವರಿಸಿಕೊಂಡು ಹೇಳಿದಳು: ‘ನಿಮ್ಮ ಬೀರು ಭಾವ, ನಾನು ಹೇಗೆ ಒಡೀಲಿ?’

ಬೈಗುಳ ತಿಂದಿದ್ದರೂ ನನಗೆ ಅಷ್ಟು ನಾಟುತ್ತಿರಲಿಲ್ಲ. ಒಳಗಿರುವ ಪಾಸ್‌ಪೋರ್ಟ್ ಅವಳದು. ಆದರೂ ಅವಳಿಗೆ ಕಂಡದ್ದು ನನ್ನ ಬೀರು.

ಕೊನೆಗೆ ಬೀಗ ತೆಗೆಸಿದ್ದು ನಮ್ಮಮ್ಮ. ಮೂರು ವರ್ಷ ಸೊಸೆಯನ್ನು ಹೆಸರು ಹಿಡಿದು ಕೂಡ ಕರೆಯದ ನಮ್ಮಮ್ಮ, ನೆಟ್ಟಕಲ್ಲಪ್ಪ ವೃತ್ತದ ಹತ್ತಿರದಿಂದ ಬೀಗ ರಿಪೇರಿಯವನನ್ನು ಆಟೋದಲ್ಲಿ ಕರೆತಂದು, ಬೀರು ತೆಗೆಸಿ, ಪಾಸ್‌ಪೋರ್ಟನ್ನು ಸೊಸೆಯ ಕೈಗೆ ಕೊಟ್ಟು, ನನಗೆ ಫೋನಿನಲ್ಲಿ ಒಂದೇ ಮಾತು ಹೇಳಿದರು: ‘ನಿನ್ನ ಹೆಂಡತಿಯ ತಾಳಿಯನ್ನು ಪಕ್ಕದ ಮನೆಯವರು ಬೀರುವಿನಲ್ಲಿ ಇಟ್ಟುಕೊಂಡರೆ ನೀನು ಸುಮ್ಮನಿರ್ತೀಯೇನೋ?’

ಮೂರನೆಯ ದಿನ ನನ್ನ ತಮ್ಮನಿಗೆ ಎಚ್ಚರ ಬಂತು. ಪ್ಲಾಸ್ಟರ್ ಇಲ್ಲದ ಕೈಯಲ್ಲಿ ಸಹಿ ಹಾಕಿದ. ಅರ್ಜಿ ಹೋಯಿತು, ವೀಸಾ ಮುಂದುವರಿಯಿತು, ಕಾಲೂ ಕೂಡಿಕೊಂಡಿತು. ಎಲ್ಲ ಸುಖಾಂತ್ಯ. ಆದರೆ ಆ ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಆ ಹೆಣ್ಣುಮಗಳು ಲೆಕ್ಕ ಹಾಕಿದ್ದು ಏನು ಗೊತ್ತೇ? ಗಂಡ ಉಳಿಯುತ್ತಾನೋ ಇಲ್ಲವೋ ಎಂಬುದೊಂದೇ ಅಲ್ಲ. ಗಂಡ ಹೋದರೆ ಈ ದೇಶದಲ್ಲಿ, ತನ್ನ ಮಗುವಿನ ದೇಶದಲ್ಲಿ, ತಾನು ಇರಲು ಬಿಡುತ್ತಾರೋ ಇಲ್ಲವೋ. ಆಮೇಲೆ ಒಂದು ದಿನ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಳಂತೆ.

ಕಾನೂನು ಏನು ಹೇಳುತ್ತದೆ

ಈ ಪೆಟ್ಟು ಬಿದ್ದ ಮೇಲೆ ನಾನು ಓದಲು ಕೂತೆ. ಪಿಯುಸಿ ಓದಿದವನಿಗೂ ಅರ್ಥವಾಗುವಂಥದ್ದೇ. ಯಾರೂ ನಮಗೆ ಕನ್ನಡದಲ್ಲಿ ಹೇಳಿರಲಿಲ್ಲ, ಅಷ್ಟೇ. ನಿಮ್ಮಲ್ಲಿ ಎಷ್ಟೋ ಜನ ನಾಳೆ ಹೊರಗೆ ಹೋಗುವವರು, ಯಾರನ್ನೋ ಮೆಚ್ಚಿ ಕರೆತರುವವರು. ಆದ್ದರಿಂದ ಗಮನವಿಟ್ಟು ಕೇಳಿ.

ನಮ್ಮ ಪೌರತ್ವ ಕಾಯ್ದೆ 1955ರದು. ಅದರಲ್ಲಿ ಸಾಗರೋತ್ತರ ಭಾರತೀಯ ಎಂಬ ಕಾರ್ಡ್ ಇದೆ, ಓಸಿಐ ಅನ್ನುತ್ತಾರೆ. ಭಾರತೀಯನನ್ನು ಮದುವೆಯಾದ ವಿದೇಶಿಯರಿಗೂ ಅದು ಸಿಗುತ್ತದೆ. ಮದುವೆ ನೋಂದಣಿಯಾಗಿರಬೇಕು, ಅರ್ಜಿಗೆ ಮೊದಲು ಎರಡು ವರ್ಷ ಸತತವಾಗಿ ಸಂಸಾರ ನಡೆದಿರಬೇಕು, ಭದ್ರತಾ ತಪಾಸಣೆಯಲ್ಲಿ ಪಾಸಾಗಬೇಕು. ಪಾಕಿಸ್ತಾನ, ಬಾಂಗ್ಲಾದೇಶಗಳ ಪೌರರಾಗಿದ್ದವರಿಗೆ ಇದು ಇಲ್ಲ. ನಿಮ್ಮಲ್ಲಿ ಯಾರಾದರೂ ಹೊರದೇಶದ ಪೌರತ್ವವನ್ನೇ ತೆಗೆದುಕೊಂಡರೆ ಆ ಕ್ಷಣಕ್ಕೆ ಭಾರತದ ಪೌರತ್ವ ಹೋಯಿತು, ಎರಡೂ ಇಟ್ಟುಕೊಳ್ಳುವಂತಿಲ್ಲ. ಆಗ ನೀವೇ ಓಸಿಐ ಮಾಡಿಸಿಕೊಂಡು ಬರಬೇಕು. ಓಸಿಐ ಇರುವವರ ವಿದೇಶಿ ಗಂಡ ಹೆಂಡಿರಿಗೂ ಅದೇ ಎರಡು ವರ್ಷದ ನಿಯಮ.

ಆ ಕಾರ್ಡ್ ಬಂದರೆ ವರ್ಷ ವರ್ಷ ಸಹಿಗಾಗಿ ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ. ಜೀವಮಾನದ ವೀಸಾ. ನೋಂದಣಿ ಬೇಡ. ಕೆಲಸ ಮಾಡಬಹುದು. ಮತ ಹಾಕುವಂತಿಲ್ಲ, ಸರ್ಕಾರಿ ಹುದ್ದೆಯಿಲ್ಲ, ಹೊಲ ತೋಟ ಕೊಳ್ಳುವಂತಿಲ್ಲ. ಪತ್ರಿಕಾವೃತ್ತಿ, ಸಂಶೋಧನೆ ಇಂಥವಕ್ಕೆ 2021ರ ಅಧಿಸೂಚನೆಯ ಪ್ರಕಾರ ವಿಶೇಷ ಅನುಮತಿ ಬೇಕು. ವಿಚ್ಛೇದನವಾದರೆ ಕಾರ್ಡ್ ರದ್ದಾಗಬಹುದು. ಅಂದರೆ ಅದು ಪೌರತ್ವವಲ್ಲ, ಹೆಸರು ನೋಡಿ ಮೋಸ ಹೋಗಬೇಡಿ. ಪೂರ್ತಿ ಪೌರತ್ವ ಬೇಕೆಂದರೆ, ಭಾರತೀಯರನ್ನು ಮದುವೆಯಾದವರು ಏಳು ವರ್ಷ ಇಲ್ಲಿ ವಾಸ ಮಾಡಿ ಅರ್ಜಿ ಹಾಕಬೇಕು, ಹುಟ್ಟಿದ ದೇಶದ ಪೌರತ್ವ ಬಿಡಬೇಕು.

ಈಗ ನಮ್ಮ ಮೂರ್ಖತನ ನೋಡಿ. ಇವರ ಮದುವೆ 2016ರದು. 2018ಕ್ಕೇ ಎರಡು ವರ್ಷ ತುಂಬಿತ್ತು. ಇಲ್ಲಿಗೆ ಬರುವ ಮೊದಲೇ ಕೊಲ್ಲಿಯಲ್ಲಿದ್ದಾಗಲೇ ಅರ್ಜಿ ಹಾಕಬಹುದಿತ್ತು. ‘ವರ್ಷ ವರ್ಷ ವೀಸಾ ಆಗ್ತಾ ಇದೆಯಲ್ಲ’ ಎಂದು ಸುಮ್ಮನಿದ್ದೆವು. ಹಾಕಲು ಹೊರಟಾಗ ಆ ಕೆಂಪು ರಿಬ್ಬನ್ ಅಡ್ಡ ಬಂತು. ನಮ್ಮ ರಾಯಭಾರ ಕಚೇರಿಯ ಮೊಹರು ಇರಲಿಲ್ಲವಲ್ಲ! ಅಷ್ಟು ಹೊತ್ತಿಗೆ, 2019ರ ಮೇ ತಿಂಗಳಿಂದ, ಫಿಲಿಪ್ಪೀನ್ಸ್ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿತ್ತು. ಆ ಒಪ್ಪಂದದ ದೇಶಗಳಲ್ಲಿ ಒಂದು ದೇಶ ದೃಢೀಕರಿಸಿದ ಪತ್ರವನ್ನು ಇನ್ನೊಂದು ದೇಶ ಹಾಗೇ ಒಪ್ಪುತ್ತದೆ. ಅವಳ ವಯಸ್ಸಾದ ತಾಯಿ ಅಲ್ಲಿ ಓಡಾಡಿ ಹೊಸ ಪ್ರತಿ ತೆಗೆಸಿ, ಅಪೊಸ್ಟಿಲ್ ಹಾಕಿಸಿ ಕೊರಿಯರ್ ಮಾಡಿದರು. ಗಂಡ ಹೆಂಡತಿ ಇಬ್ಬರನ್ನೂ ಕರೆಸಿ ವಿಚಾರಿಸಿದರು. 2024ರ ಫೆಬ್ರವರಿಯಲ್ಲಿ ಕಾರ್ಡ್ ಬಂತು.

ಮಕ್ಕಳ ವಿಷಯವೂ ಕೇಳಿ. ಇವರ ಮಗು ಹುಟ್ಟಿದ್ದು ಬೆಂಗಳೂರಿನಲ್ಲಿ, 2020ರಲ್ಲಿ. ತಂದೆ ಭಾರತೀಯ, ತಾಯಿ ಸಕ್ರಮವಾಗಿ ಇರುವವಳು. ಆದ್ದರಿಂದ ಮಗು ಹುಟ್ಟಿನಿಂದಲೇ ಭಾರತದ ಪ್ರಜೆ. ತಾಯಿಯ ವೀಸಾ ಹದಗೆಟ್ಟಿದ್ದರೆ ಅಲ್ಲೂ ತೊಡಕು. ಹೊರದೇಶದಲ್ಲಿ ಹುಟ್ಟಿದ ಮಗುವಾದರೆ ಒಂದು ವರ್ಷದೊಳಗೆ ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಮರೆತರೆ ಆಮೇಲೆ ದೆಹಲಿಯ ಅಪ್ಪಣೆ ಬೇಕು.

ಅಲ್ಲಿ ನಮ್ಮ ಹೆಣ್ಣುಮಕ್ಕಳು

ಇದು ಬಂದವರ ಮಾತಾಯಿತು. ಇಲ್ಲಿಂದ ಹೋದವರದು? ಈ ಬಡಾವಣೆಯಲ್ಲಿ ಬೀದಿಗೆ ನಾಲ್ಕು ಮನೆಯಂತೆ ಹೆಣ್ಣುಮಕ್ಕಳು ಗಂಡನ ಸಹಿಯ ಮೇಲೆ ಹೊರದೇಶದಲ್ಲಿದ್ದಾರೆ. ಅಮೆರಿಕದಲ್ಲಿ ಗಂಡನಿಗೆ ಎಚ್-1ಬಿ, ಹೆಂಡತಿಗೆ ಎಚ್-4. ಚಿನ್ನದ ಪದಕ ಪಡೆದ ಇಂಜಿನಿಯರ್ ಆದರೂ ಎಚ್-4ರಲ್ಲಿ ಕೆಲಸ ಮಾಡುವಂತಿರಲಿಲ್ಲ. 2015ರ ಮೇ ತಿಂಗಳಲ್ಲಿ ಒಬಾಮಾ ಸರ್ಕಾರ ಸ್ವಲ್ಪ ಸಡಿಲಿಸಿತು, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಅಲ್ಲಿನ ಪ್ರಜೆಯನ್ನೇ ಮದುವೆಯಾಗಿ ಹೋದರೂ, ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಮೊದಲು ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಷರತ್ತು ತೆಗೆಸಲು ಗಂಡ ಹೆಂಡತಿ ಕೂಡಿ ಅರ್ಜಿ ಹಾಕಬೇಕು. ಗಂಡ ಹೊಡೆಯುವವನಾದರೆ? ‘ಸಹಿ ಹಾಕಲ್ಲ, ವಾಪಸ್ ಕಳಿಸ್ತೀನಿ’ ಅನ್ನುವ ಒಂದು ಮಾತು ಸಾಕು, ಆ ಹುಡುಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅಂಥವರಿಗೆ ಗಂಡನ ಸಹಿಯಿಲ್ಲದೆ ತಾವೇ ಅರ್ಜಿ ಹಾಕಿಕೊಳ್ಳುವ ದಾರಿ ಅಲ್ಲಿನ ಕಾನೂನಿನಲ್ಲಿದೆ. 1994ರ ಒಂದು ಕಾಯ್ದೆಯಲ್ಲೂ ಇದಕ್ಕೆ ಅವಕಾಶ ಮಾಡಿದರು. ನಮ್ಮ ಎಷ್ಟು ಹೆಣ್ಣುಮಕ್ಕಳಿಗೆ ಇದು ಗೊತ್ತು? ಅಕ್ಕತಂಗಿಯರಿಗೆ ಸೀರೆ, ಉಪ್ಪಿನಕಾಯಿ ಕಟ್ಟಿ ಕಳಿಸುವಾಗ ಇದನ್ನೂ ಒಂದು ಚೀಟಿಯಲ್ಲಿ ಬರೆದು ಕಳಿಸಿ.

ಇನ್ನು ವರ್ಷಗಟ್ಟಲೆ ಹೊರಗಿದ್ದವರ ಪಾಡು. ನನ್ನ ಗಿರಾಕಿ ಒಬ್ಬರು ಅಮೆರಿಕದ ಪೌರತ್ವ ಪಡೆದವರು. ವಾಪಸ್ ಬಂದು ಹತ್ತು ವರ್ಷ ಇಲ್ಲೇ ಇದ್ದು, ಇಲ್ಲೇ ಮದುವೆಯಾಗಿ, ಈಗ ಹೆಂಡತಿಯನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕು. ‘ನಾನು ಸಿಟಿಜನ್ ಸ್ವಾಮಿ, ವಾರದಲ್ಲಿ ವೀಸಾ’ ಅಂದುಕೊಂಡಿದ್ದರು. ಆಮೇಲೆ ಗೊತ್ತಾಯಿತು. ಅರ್ಜಿಯ ಜೊತೆ ಆರ್ಥಿಕ ಹೊಣೆಯ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಅಲ್ಲಿನ ಸರ್ಕಾರ ಬಡತನಕ್ಕೆ ಹಾಕಿದ ಅಳತೆಯ ಶೇಕಡ 125ರಷ್ಟಾದರೂ ಆದಾಯ ತೋರಿಸಬೇಕು. ಇಲ್ಲಿನ ಸಂಬಳ ಇಲ್ಲೇ ನಿಂತುಹೋಗುವಂಥದ್ದಾದರೆ ಲೆಕ್ಕಕ್ಕಿಲ್ಲ. ಹೊರಗಿದ್ದ ವರ್ಷಗಳಲ್ಲೂ ಅಲ್ಲಿನ ತೆರಿಗೆ ಲೆಕ್ಕ ಸಲ್ಲಿಸಿರಬೇಕು. ಎಲ್ಲಕ್ಕಿಂತ ಮೇಲೆ, ತನ್ನ ಮನೆ ಅಮೆರಿಕದಲ್ಲಿದೆ, ಇಲ್ಲವೇ ಹೆಂಡತಿ ಕಾಲಿಡುವ ಹೊತ್ತಿಗೆ ಅಲ್ಲಿ ನೆಲೆಸುತ್ತೇನೆ ಎಂದು ರುಜುವಾತು ಮಾಡಬೇಕು. ಆದಾಯ ಸಾಲದಿದ್ದರೆ ಅಲ್ಲಿರುವ ಇನ್ನೊಬ್ಬರು ಜೊತೆ ಜಾಮೀನು ನಿಲ್ಲಬಹುದು. ನೆಲೆಯ ರುಜುವಾತನ್ನು ಮಾತ್ರ ಇವರೇ ಕೊಡಬೇಕು. ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಕೆಲಸದ ಪತ್ರ ಎಲ್ಲ ಒಟ್ಟುಮಾಡಲು ಅವರಿಗೆ ವರ್ಷ ಹಿಡಿಯಿತು. ಬ್ರಿಟನ್ನಿನಲ್ಲೂ ಹಾಗೇ. ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ಬೇಕಾದ ವರಮಾನವನ್ನು 2024ರ ಏಪ್ರಿಲ್‌ನಲ್ಲಿ 18,600 ಪೌಂಡಿನಿಂದ 29,000 ಪೌಂಡಿಗೆ ಏರಿಸಿದರು.

ಆ ಅಮೆರಿಕದ ಪ್ರಮಾಣಪತ್ರದಲ್ಲಿ ಒಂದು ವಿಷಯ ನನ್ನ ಕಣ್ಣು ತೆರೆಸಿತು. ಒಮ್ಮೆ ಸಹಿ ಹಾಕಿದರೆ, ಹೆಂಡತಿ ಅಲ್ಲಿನ ಪ್ರಜೆಯಾಗುವ ತನಕ, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಬರುವ ತನಕ ಗಂಡ ಅವಳ ಹೊಣೆಗಾರ. ಅವಳು ಆ ದೇಶ ಬಿಟ್ಟರೋ ತೀರಿಕೊಂಡರೋ ಮಾತು ಬೇರೆ. ವಿಚ್ಛೇದನವಾದರೂ ಹೊಣೆ ತಪ್ಪುವುದಿಲ್ಲ! ಅಂದರೆ ಕಾಗದದ ಪ್ರಕಾರ ಸಹಿ ಹಾಕಿದವನು ಸಾಲಗಾರ. ಬಂದವಳು ಅವನ ಆಸ್ತಿಯಲ್ಲ. ನಾವೋ ಎಲ್ಲವನ್ನೂ ತಲೆಕೆಳಗು ಮಾಡಿಕೊಂಡಿದ್ದೇವೆ. ಸಹಿ ಹಾಕಿದ ಮೇಲೆ ಮೀಸೆ ತಿರುವುತ್ತೇವೆ.

ಕಾಗದ ಕೊಡದೆ ಇದ್ದದ್ದು

ಕನ್ನಡದ ಸಭೆ ಇದು. ಇವನು ವೀಸಾ ಪುರಾಣ ಹೇಳುತ್ತಿದ್ದಾನೆ, ಕನ್ನಡ ಎಲ್ಲಿ ಅಂತ ನೀವು ಕೇಳಬಹುದು. ಹೇಳುತ್ತೇನೆ.

ಜರ್ಮನಿಯಲ್ಲಿ 2007ರಿಂದ, ಹೊರಗಿನಿಂದ ಗಂಡನನ್ನೋ ಹೆಂಡತಿಯನ್ನೋ ಸೇರಲು ಹೋಗುವವರು ಹೊರಡುವ ಮೊದಲೇ ಜರ್ಮನ್ ಭಾಷೆಯ ಮೊದಲ ಪರೀಕ್ಷೆ ಪಾಸು ಮಾಡಿರಬೇಕು. ಕೆಲವರಿಗೆ ವಿನಾಯಿತಿ ಇದೆ. ಬ್ರಿಟನ್ 2010ರಲ್ಲಿ ಇಂಗ್ಲಿಷಿಗೆ ಹಾಗೇ ಮಾಡಿತು. ನಮ್ಮ ಕಡೆಯ ಹುಡುಗಿಯರು ಮದುವೆ ನಿಶ್ಚಯವಾದ ವಾರದಲ್ಲೇ ಮ್ಯಾಕ್ಸ್‌ಮುಲ್ಲರ್ ಭವನಕ್ಕೆ ಓಡುತ್ತಾರೆ. ಭಾಷೆ ಬಾರದವಳಿಗೆ ಬಾಗಿಲು ಮುಚ್ಚುವುದು ನನಗೆ ಸರಿಕಾಣುವುದಿಲ್ಲ. ಪರೀಕ್ಷೆ ಪಾಸಾಗಲಿಲ್ಲ ಎಂದು ಗಂಡ ಹೆಂಡತಿಯನ್ನು ಬೇರೆ ಇಡುವುದು ಯಾವ ನ್ಯಾಯ?

ನಮ್ಮ ಕಾಯ್ದೆಯಲ್ಲೂ ಭಾಷೆಯ ಮಾತಿದೆ. ದೀರ್ಘಕಾಲ ಇಲ್ಲಿದ್ದು ಪೌರತ್ವ ಕೇಳುವ ವಿದೇಶಿಯರಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ತಕ್ಕಮಟ್ಟಿಗೆ ಗೊತ್ತಿರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಕನ್ನಡ ಕಲಿತು ಭಾರತದ ಪ್ರಜೆಯಾಗಬಹುದು ಸ್ವಾಮಿ! ಮದುವೆಯಾಗಿ ಬಂದವರಿಗೆ ಅದನ್ನೂ ಕೇಳುವುದಿಲ್ಲ. ಹಾಗಾಗಿ ಕಲಿಸುವ ಕೆಲಸ ಸರ್ಕಾರದ್ದಲ್ಲ, ಕಾನೂನಿನದ್ದಲ್ಲ, ನಮ್ಮ ಮನೆಯದು.

ನಾವೇನು ಮಾಡಿದೆವು? ಅವಳ ಜೊತೆ ನಾನು ಮುರುಕು ಇಂಗ್ಲಿಷ್ ಮಾತಾಡಿದೆ. ನನ್ನ ಹೆಂಡತಿ ಇಂಗ್ಲಿಷ್. ತರಕಾರಿಯವನೂ ಅವಳನ್ನು ಕಂಡರೆ ಇಂಗ್ಲಿಷ್, ಇಲ್ಲದಿದ್ದರೆ ಹಿಂದಿ. ಕನ್ನಡ ಬಿಟ್ಟು ಬೇರೇನೂ ಬಾರದ ನಮ್ಮಮ್ಮ ಒಬ್ಬರೇ ಅವಳಿಗೆ ಕನ್ನಡ ಕೊಟ್ಟವರು. ಬೀರು ಒಡೆಸಿದ ದಿನದಿಂದ ಮಾತು ಶುರುವಾಯಿತು. ಒಂದು ದಿನ ಅಮ್ಮ ‘ಮುಖ ತೊಳ್ಕೊ’ ಅಂದಾಗ ಅವಳು ನಕ್ಕಳಂತೆ. ಅವಳ ದೇಶದ ರಾಷ್ಟ್ರಭಾಷೆಯಲ್ಲೂ ಮುಖಕ್ಕೆ ಮುಖವೇ. ಗುರುವಿಗೆ ಗುರೊ, ಆಸೆಗೆ ಆಸ. ಸಂಸ್ಕೃತದಿಂದ ಸಮುದ್ರ ದಾಟಿ ಹೋದ ಮಾತುಗಳು. ಅವರ ಹಳೆಯ ಲಿಪಿ ಬಾಯ್‌ಬಾಯಿನ್ ಕೂಡ ನಮ್ಮ ಲಿಪಿಯ ಹಾಗೆ ಬ್ರಾಹ್ಮಿಯ ವಂಶದ್ದೇ. ಪರದೇಶದವಳು ಪರದೇಶದವಳು ಅಂತ ನಾವು ದೂರ ಇಟ್ಟವಳು ದೂರದ ನಂಟಸ್ತಿಕೆಯವಳೇ ಆಗಿದ್ದಳು.

ಕಾರ್ಡ್ ಬಂದ ಮೇಲೆ ಅವಳು ಪ್ರೆಸ್ಸಿನಲ್ಲಿ ಲೆಕ್ಕಕ್ಕೆ ಕೂತಳು. ಸಂಬಳ ಅವಳ ಖಾತೆಗೆ. ಬಿಡುವಿನಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು ಮುಂದಿಟ್ಟುಕೊಂಡು ಅಕ್ಷರ ಕಲಿತಳು. ಒತ್ತಕ್ಷರ ಅವಳಿಗೆ ದೊಡ್ಡ ತಲೆನೋವು. ಈಗ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾಳೆ. ಕಳೆದ ಕಡಲೆಕಾಯಿ ಪರಿಷೆಯ ಹೊತ್ತಿಗೆ ಬಂದ ಒಂದು ಪತ್ರಿಕೆಯ ಪ್ರೂಫ್ ನೋಡುತ್ತಾ ‘ಭಾವ, ಆಶೀರ್ವಾದದಲ್ಲಿ ಅರ್ಕಾವತ್ತು ಬಿಟ್ಟಿದ್ದೀರಿ’ ಅಂದಳು. ಇಪ್ಪತ್ತೈದು ವರ್ಷದ ಅನುಭವಸ್ಥ ನಾನು, ನೋಡಿರಲಿಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲ್ ಸಾಹೇಬರು ಕನ್ನಡಕ್ಕೆ ನಿಘಂಟು ಮಾಡಿದರು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅದು ಅಚ್ಚಾಯಿತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಮನೆಗೆ ಬಂದವರ ಕೈಗೆ ಮಾತ್ರ ಒಂದು ಅಕ್ಷರಮಾಲೆ ಕೊಡುವುದಿಲ್ಲ.

ಮುಗಿಸುತ್ತೇನೆ. ನಾಳೆ ನೀವು ಹೊರಗಿನವರನ್ನು ಕೈಹಿಡಿದು ತಂದರೆ, ಅಥವಾ ನಿಮ್ಮ ಮನೆಗೆ ಅಂಥವರು ಬಂದರೆ, ನನ್ನ ಅನುಭವದ ನಾಲ್ಕು ಮಾತು ನೆನಪಿಡಿ. ಮದುವೆ ನೋಂದಣಿಯನ್ನು ಮೊದಲ ವಾರದಲ್ಲೇ ಮಾಡಿಸಿ, ಮೊಹರು ಅಪೊಸ್ಟಿಲ್ ಎಲ್ಲ ಆ ಊರು ಬಿಡುವ ಮುನ್ನವೇ ಹಾಕಿಸಿ. ವೀಸಾದ ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಎರಡು ವರ್ಷ ತುಂಬಿದ ಮರುದಿನವೇ ಓಸಿಐ ಅರ್ಜಿ ಹಾಕಿ. ಪಾಸ್‌ಪೋರ್ಟ್, ಬ್ಯಾಂಕ್ ಪುಸ್ತಕ, ಮದುವೆ ಪತ್ರ ಅವರ ಕೈಯಲ್ಲೇ ಇರಲಿ, ಬೇಕಾದರೆ ನೀವು ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ನಾಲ್ಕನೆಯದು, ಮೊದಲ ದಿನದಿಂದಲೇ ಕನ್ನಡದಲ್ಲಿ ಮಾತಾಡಿಸಿ. ವೀಸಾದಿಂದ ಅವರು ಈ ದೇಶದಲ್ಲಿ ಇರುತ್ತಾರೆ. ಕನ್ನಡ ಬಂದರೆ ಈ ಬೀದಿಯಲ್ಲಿ ಬದುಕುತ್ತಾರೆ.

ನಮ್ಮ ಅಕ್ಕತಂಗಿಯರಿಗೆ ಅಲ್ಲಿ ಏನು ಸಿಗಲಿ ಎಂದು ಬಯಸುತ್ತೀರೋ, ಬಂದವರಿಗೆ ಇಲ್ಲಿ ಅದನ್ನೇ ಕೊಡಿ.

ಆ ಬೀರು ಈಗಲೂ ನನ್ನ ಪ್ರೆಸ್ಸಿನಲ್ಲಿದೆ. ಹೊಸ ಬೀಗ ಹಾಕಿಸಿಲ್ಲ. ಅದರಲ್ಲಿ ಈಗ ಲಗ್ನಪತ್ರಿಕೆಯ ಸ್ಯಾಂಪಲ್ಲುಗಳಿವೆ. ಬೇಕಾದವರು ಬಂದು ತೆಗೆದು ನೋಡಬಹುದು.